ಡೆಪ್ತ್ ಕ್ಯಾಮೆರಾದಿಂದ ರೋಗಿಯ ಚಲನೆ ಅಳೆಯುವ ಮುನ್ನ: ನಿಖರತೆಯನ್ನು ನಿಮ್ಮದೇ ಕೋಣೆಯಲ್ಲಿ ಪರೀಕ್ಷಿಸುವ ಬಗೆ

ಫಿಸಿಯೋಥೆರಪಿ ವಿಭಾಗಕ್ಕೋ ಬಯೋಮೆಡಿಕಲ್ ಲ್ಯಾಬಿಗೋ ಡೆಪ್ತ್ ಕ್ಯಾಮೆರಾ (ಪ್ರತಿ ಪಿಕ್ಸೆಲ್‌ನಲ್ಲೂ ಎದುರಿನ ವಸ್ತುವಿನ ದೂರ ಅಳೆಯುವ ಕ್ಯಾಮೆರಾ) ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ಇದು ಎಷ್ಟು ನಿಖರ?’ ಡೇಟಾಶೀಟಿನಲ್ಲಿ ಉತ್ತರವೇನೋ ಇರುತ್ತದೆ. ಮೈಕ್ರೋಸಾಫ್ಟಿನ ಡೆಪ್ತ್ ಕ್ಯಾಮೆರಾ ಅಜೂರ್ ಕೈನೆಕ್ಟ್‌ನದು ಹೀಗಿದೆ: ಸ್ಥಿರ ದೋಷ 11 ಮಿ.ಮೀ. ಮತ್ತು ದೂರದ ಶೇ 0.1 ಸೇರಿದಷ್ಟರ ಒಳಗೆ, ಫ್ರೇಮಿನಿಂದ ಫ್ರೇಮಿಗೆ ಆಗುವ ಏರಿಳಿತ 17 ಮಿ.ಮೀ. ಒಳಗೆ. ಆದರೆ ಇದು ಗೋಡೆಯಂಥ ಮೇಲ್ಮೈಯ ದೂರದ ಮಾತು. ರೋಗಿಯ ಮಂಡಿ ಎಷ್ಟು ಡಿಗ್ರಿ ಮಡಚಿತು ಎಂದು ತಿಳಿಯಬೇಕಾದರೆ ಇನ್ನೂ ಎರಡು ಹಂತ ದಾಟಬೇಕು. ಕ್ಯಾಮೆರಾ ಅಳೆದ ದೂರದಿಂದ ಸಾಫ್ಟ್‌ವೇರ್ ಕೀಲುಗಳ ಜಾಗವನ್ನು ಊಹಿಸುತ್ತದೆ. ಆ ಕೀಲುಗಳಿಂದ ನಾವು ಕೋನವನ್ನೋ ಹೆಜ್ಜೆಯ ಉದ್ದವನ್ನೋ ಲೆಕ್ಕ ಹಾಕುತ್ತೇವೆ. ಒಂದೊಂದು ಹಂತವೂ ತನ್ನ ಪಾಲಿನ ದೋಷ ಸೇರಿಸುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸದೆ ‘ನಿಖರತೆ ಶೇ 95’ ಎಂದು ವರದಿಯಲ್ಲಿ ಬರೆದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಅಜೂರ್ ಕೈನೆಕ್ಟ್ ಮತ್ತು ಅದೇ ಬಗೆಯ ಸೆನ್ಸರ್ ಇರುವ ಆರ್ಬೆಕ್ ಫೆಮ್ಟೊ ಬೋಲ್ಟ್. ರಿಯಲ್‌ಸೆನ್ಸ್ ಇರುವವರಿಗೂ ಪರೀಕ್ಷೆಗಳು ಇವೇ, ಬರುವ ಸಂಖ್ಯೆಗಳು ಮಾತ್ರ ಬೇರೆ.

ಕ್ಯಾಮೆರಾ ದೂರವನ್ನು ಕಂಡುಹಿಡಿಯುವ ರೀತಿ

2010ರಲ್ಲಿ ಬಂದ ಮೊದಲ ಕೈನೆಕ್ಟ್ ಇನ್‌ಫ್ರಾರೆಡ್ ಚುಕ್ಕೆಗಳನ್ನು ಎದುರಿಗೆ ಚೆಲ್ಲಿ, ಅವು ಎಷ್ಟು ಸರಿದಿವೆ ಎಂಬುದರಿಂದ ದೂರ ಲೆಕ್ಕ ಹಾಕುತ್ತಿತ್ತು. ರಿಯಲ್‌ಸೆನ್ಸ್ ಡಿ435 ಎರಡು ಕಣ್ಣಿನ ಸ್ಟೀರಿಯೊ ಕ್ಯಾಮೆರಾ. ಎರಡರಲ್ಲೂ ದೋಷ ಬೆಳೆಯುವುದು ದೂರದ ವರ್ಗಕ್ಕೆ ತಕ್ಕಂತೆ. ಡಿ435ರ ಎರಡು ಕಣ್ಣುಗಳ ನಡುವಿನ ಅಂತರ 50 ಮಿ.ಮೀ.; 848×480 ಮೋಡಿನಲ್ಲಿ ನಾಭಿದೂರ ಸುಮಾರು 447 ಪಿಕ್ಸೆಲ್. ಎರಡು ಕಣ್ಣುಗಳ ಚಿತ್ರಗಳ ಹೊಂದಾಣಿಕೆಯಲ್ಲಿ 0.08 ಪಿಕ್ಸೆಲ್ ತಪ್ಪಿದರೆ 1 ಮೀಟರಿನಲ್ಲಿ ಆಗುವ ದೋಷ 3.6 ಮಿ.ಮೀ., 2 ಮೀಟರಿನಲ್ಲಿ 14 ಮಿ.ಮೀ., 4 ಮೀಟರಿನಲ್ಲಿ 57 ಮಿ.ಮೀ. ಇಡೀ ದೇಹ ಚಿತ್ರದೊಳಗೆ ಬರಲೆಂದು ರೋಗಿಯನ್ನು ಹಿಂದೆ ಹಿಂದೆ ಕಳಿಸುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಕೈನೆಕ್ಟ್ ವಿ2, ಅಜೂರ್ ಕೈನೆಕ್ಟ್, ಫೆಮ್ಟೊ ಬೋಲ್ಟ್ ಇವು ಬೆಳಕು ಹೋಗಿ ಮರಳುವ ಸಮಯದಿಂದ ದೂರ ತಿಳಿಯುವ ಟೈಮ್ ಆಫ್ ಫ್ಲೈಟ್ ಕ್ಯಾಮೆರಾಗಳು. ಒಂದು ಸೆಂ.ಮೀ. ದೂರಕ್ಕೆ ಹೋಗಿಬರುವ ಸಮಯದಲ್ಲಿ ಸುಮಾರು 67 ಪಿಕೊಸೆಕೆಂಡ್ ವ್ಯತ್ಯಾಸವಾಗುತ್ತದೆ. ಅದನ್ನು ನೇರವಾಗಿ ಎಣಿಸಲಾಗದ್ದರಿಂದ ಮಿಣುಕುವ ಬೆಳಕಿನ ಫೇಸ್, ಅಂದರೆ ಮರಳಿದ ಅಲೆ ಎಷ್ಟು ಹಿಂದೆ ಬಿದ್ದಿದೆ ಎಂಬುದನ್ನು, ನೋಡುತ್ತವೆ. ಇವುಗಳಲ್ಲಿ ದೋಷ ದೂರದ ವರ್ಗಕ್ಕೆ ಏರುವುದಿಲ್ಲ, ಆದರೆ ಕಾಯಿಲೆಗಳು ಬೇರೆ. ದೇಹದ ಅಂಚಿನಲ್ಲಿ ಮುಂದಿನ ಕೈಗೂ ಹಿಂದಿನ ಗೋಡೆಗೂ ನಡುವೆ ತೇಲುವ ಸುಳ್ಳು ಪಿಕ್ಸೆಲ್‌ಗಳು ಹುಟ್ಟುತ್ತವೆ. ಮೂಲೆಯಲ್ಲಿ ಬೆಳಕು ಎರಡು ಸಲ ಪುಟಿದು ದೂರ ಹೆಚ್ಚಾಗಿ ಕಾಣುತ್ತದೆ. ಒಂದು ಡೆಪ್ತ್ ಫ್ರೇಮಿಗೆ ಹಲವು ಫೇಸ್ ಚಿತ್ರಗಳು ಒಂದರ ಹಿಂದೊಂದು ಬೇಕಾದ್ದರಿಂದ ಬೇಗ ಚಲಿಸುವ ಪಾದ ಮಸುಕಾಗುತ್ತದೆ.

ಕೈನೆಕ್ಟ್ ವಿ2ರ ತಯಾರಿಕೆ 2017ರಲ್ಲಿ, ಅಜೂರ್ ಕೈನೆಕ್ಟ್‌ನದು 2023ರಲ್ಲಿ ನಿಂತಿತು. 2010ರ ಮೊದಲ ಕೈನೆಕ್ಟ್ 20 ಕೀಲುಗಳನ್ನು ಕೊಡುತ್ತಿತ್ತು, ವಿ2 25, ಅಜೂರ್ 32. ಕೀಲು ಹುಡುಕುವ ವಿಧಾನವೇ ಬದಲಾಗಿರುವುದರಿಂದ ಹಳೆಯ ಕೈನೆಕ್ಟ್ ಮೇಲೆ ಬಂದ ಪ್ರಬಂಧದ ಸಂಖ್ಯೆಯನ್ನು ಹೊಸ ಕ್ಯಾಮೆರಾಕ್ಕೆ ಆರೋಪಿಸುವಂತಿಲ್ಲ. ಥೀಸಿಸ್‌ಗಳಲ್ಲಿ ಇದು ಸಾಮಾನ್ಯ ತಪ್ಪು.

ಮೊದಲು ಏನು ಅಳೆಯಬೇಕೆಂದು ನಿರ್ಧರಿಸಿ

ಒಂದೇ ಕ್ಯಾಮೆರಾ ನಡಿಗೆಯ ವೇಗಕ್ಕೆ ಚೆನ್ನಾಗಿದ್ದು ಆಂಕಲ್‌ (ಪಾದದ ಕೀಲು) ಕೋನಕ್ಕೆ ನಿರುಪಯುಕ್ತವಾಗಿರಬಹುದು. ಕಾರಣ ಸರಳ ತ್ರಿಕೋನಮಿತಿ. ತೊಡೆಯ ಉದ್ದ 40 ಸೆಂ.ಮೀ. ಎಂದುಕೊಳ್ಳಿ. ಮಂಡಿಯ ಬಿಂದು ತೊಡೆಗೆ ಅಡ್ಡಲಾಗಿ 2 ಸೆಂ.ಮೀ. ಸರಿದರೆ ತೊಡೆಯ ದಿಕ್ಕು 2.9 ಡಿಗ್ರಿ ತಪ್ಪುತ್ತದೆ. ಆಂಕಲ್‌ನಿಂದ ಬೆರಳಿನ ತನಕ ಪಾದದ ಉದ್ದ 15 ಸೆಂ.ಮೀ. ಎಂದುಕೊಳ್ಳಿ, ಅಲ್ಲಿ ತುದಿ 3 ಸೆಂ.ಮೀ. ಸರಿದರೆ ತಪ್ಪು 11 ಡಿಗ್ರಿ ಮೀರುತ್ತದೆ. ನಡೆಯುವಾಗ ಆಂಕಲ್‌ ಆಡುವುದೇ ಒಟ್ಟು 30 ಡಿಗ್ರಿಯ ಆಸುಪಾಸು. ಜೊತೆಗೆ ಪಾದ ನೆಲಕ್ಕೆ ಅಂಟಿಕೊಂಡಿರುವುದರಿಂದ ಡೆಪ್ತ್ ಚಿತ್ರದಲ್ಲಿ ಪಾದ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತೆಂದು ಸಾಫ್ಟ್‌ವೇರಿಗೆ ಗೊತ್ತಾಗುವುದೇ ಕಷ್ಟ. ಆಂಕಲ್ ಕೋನ ಬೇಕೇಬೇಕೆಂದರೆ ಈ ಕ್ಯಾಮೆರಾ ಬಿಟ್ಟು ಬೇರೆ ಉಪಕರಣ ನೋಡಿ.

ಸಮಯದ ಲೆಕ್ಕವೂ ಇಷ್ಟೇ ಕಠೋರ. ಸೆಕೆಂಡಿಗೆ 30 ಫ್ರೇಮ್ ಎಂದರೆ ಫ್ರೇಮಿಗೆ 33 ಮಿಲಿಸೆಕೆಂಡ್. ನಿಮಿಷಕ್ಕೆ 110 ಹೆಜ್ಜೆ ಹಾಕುವವರ ಒಂದು ಹೆಜ್ಜೆಗೆ 545 ಮಿಲಿಸೆಕೆಂಡ್. ಒಂದು ಫ್ರೇಮ್ ತಪ್ಪಿದರೆ ಶೇ 6 ದೋಷ. ಹಲವು ಹೆಜ್ಜೆಗಳ ಸರಾಸರಿ ತೆಗೆದರೆ ಇದು ತಗ್ಗುತ್ತದೆ, ತೊಂದರೆಯಿಲ್ಲ. ಎರಡೂ ಪಾದ ನೆಲದ ಮೇಲಿರುವ ಅವಧಿ ಮಾತ್ರ ಒಂದು ಸಲಕ್ಕೆ ಮೂರು ನಾಲ್ಕು ಫ್ರೇಮು. ಪಾರ್ಕಿನ್ಸನ್ ರೋಗಿಗಳಲ್ಲಿ ಈ ಅವಧಿಯ ಸಣ್ಣ ಬದಲಾವಣೆ ಹಿಡಿಯುತ್ತೇವೆ ಎಂದು ಹೊರಟರೆ ಕ್ಯಾಮೆರಾದ ಫ್ರೇಮ್ ಗತಿಯೇ ಅಡ್ಡ ಬರುತ್ತದೆ.

ಸಾಮಾನ್ಯವಾಗಿ ನಂಬಬಹುದಾದವು: ನಡಿಗೆಯ ವೇಗ, ಹೆಜ್ಜೆಯ ಉದ್ದ, ಹೆಜ್ಜೆಯ ಸರಾಸರಿ ಸಮಯ, ಕುರ್ಚಿಯಿಂದ ಏಳುವ ಸಮಯ, ಮುಂಡದ ಬಾಗುವಿಕೆ, ಕೈ ಪಕ್ಕಕ್ಕೆ ಎತ್ತುವ ಕೋನ. ಪರೀಕ್ಷಿಸಿಯೇ ಬಳಸಬೇಕಾದವು: ಮಂಡಿ ಮತ್ತು ಸೊಂಟದ ಮಡಚುವ ಕೋನಗಳು. ದೂರವಿಡಬೇಕಾದವು: ಆಂಕಲ್ ಕೋನ, ಬೆರಳುಗಳ ಸೂಕ್ಷ್ಮ ಚಲನೆ, ತೊಡೆ ಅಥವಾ ತೋಳು ತನ್ನ ಅಕ್ಷದ ಸುತ್ತ ತಿರುಗುವ ಕೋನ. ಕೊನೆಯದಕ್ಕೆ ಸಂಖ್ಯೆ ಬರುತ್ತದೆ, ಆದರೆ ಉರುಟಾದ ತೊಡೆ ತಿರುಗಿದ್ದನ್ನು ಮೇಲ್ಮೈ ನೋಡಿ ಹೇಳಲಾಗದು.

ಕೋಣೆ, ನೆಲ, ಬಟ್ಟೆ

ಕ್ಯಾಮೆರಾವನ್ನು ಗಟ್ಟಿ ಟ್ರೈಪಾಡ್ ಮೇಲೆ 1 ರಿಂದ 1.2 ಮೀಟರ್ ಎತ್ತರದಲ್ಲಿ, ರಸಮಟ್ಟ ನೋಡಿ ಕೂರಿಸಿ. ಟ್ರೈಪಾಡಿನ ಮೂರು ಕಾಲಿನ ಜಾಗವನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿ. ಮರುದಿನ ಕಸ ಗುಡಿಸುವಾಗ ಅದು ಜರುಗಿಯೇ ಜರುಗುತ್ತದೆ. ಅಜೂರ್‌ನಲ್ಲಿ 640×576 ಗಾತ್ರದ ಕಿರುನೋಟದ ಮೋಡ್ ಆರಿಸಿ. ಇದರ ನೋಟ 75×65 ಡಿಗ್ರಿ, ಹೇಳಿಕೆಯ ವ್ಯಾಪ್ತಿ 0.5 ರಿಂದ 3.86 ಮೀಟರ್. ಲಂಬ 65 ಡಿಗ್ರಿ ಎಂದರೆ 1.5 ಮೀಟರಿನಲ್ಲಿ 1.9 ಮೀಟರ್ ಎತ್ತರ ಕಾಣುತ್ತದೆ, 2.5 ಮೀಟರಿನಲ್ಲಿ 3.2 ಮೀಟರ್. ಹಾಗಾಗಿ ಕ್ಯಾಮೆರಾದ ಕಡೆಗೆ ನಡೆದು ಬರುವ ರೋಗಿಯಿಂದ ಉಪಯೋಗಕ್ಕೆ ಸಿಗುವುದು 3.8ರಿಂದ 1.5 ಮೀಟರ್ ತನಕದ ದಾರಿ, ಅಂದರೆ ಮೂರು ನಾಲ್ಕು ಹೆಜ್ಜೆ. ರೋಗಿ 6 ಮೀಟರ್ ಹಿಂದಿನಿಂದಲೇ ನಡೆಯಲು ಶುರುಮಾಡಲಿ. ಇಲ್ಲದಿದ್ದರೆ ನೀವು ಅಳೆಯುವುದು ನಡಿಗೆಯನ್ನಲ್ಲ, ನಿಂತಲ್ಲಿಂದ ಹೊರಡುವುದನ್ನು. ಪಕ್ಕದಿಂದ ತೆಗೆದರೆ ಮಂಡಿ ಚೆನ್ನಾಗಿ ಕಾಣುತ್ತದೆ ಅನ್ನಿಸುತ್ತದೆ, ಆದರೆ ಆಚೆಯ ಕಾಲು ಈಚೆಯದರ ಹಿಂದೆ ಮರೆಯಾಗಿ ಎಡ–ಬಲ ಅದಲುಬದಲಾಗುತ್ತದೆ.

ನಮ್ಮ ಆಸ್ಪತ್ರೆಗಳಲ್ಲಿ ತೊಂದರೆ ಕೊಡುವ ಮೊದಲ ವಸ್ತು ನೆಲ. ಪಾಲಿಷ್ ಮಾಡಿದ ಗ್ರಾನೈಟ್ ಮತ್ತು ವಿಟ್ರಿಫೈಡ್ ಟೈಲ್ಸ್ ಇನ್‌ಫ್ರಾರೆಡ್ ಬೆಳಕನ್ನು ಕನ್ನಡಿಯ ಹಾಗೆ ಪುಟಿಸುತ್ತವೆ. ನೆಲದಲ್ಲಿ ತೂತುಗಳು ಕಾಣುತ್ತವೆ, ಪಾದದ ದೂರ ತಪ್ಪುತ್ತದೆ. ನಡೆಯುವ ದಾರಿಗೆ ಹೊಳಪಿಲ್ಲದ ರಬ್ಬರ್ ಮ್ಯಾಟ್ ಹಾಸಿ, ಅಂಚುಗಳನ್ನು ಅಗಲದ ಟೇಪಿನಿಂದ ನೆಲಕ್ಕೆ ಅಂಟಿಸಿ. ಜಮಖಾನ ಹಾಸುವುದು ಬೇಡ. ಬೆಳಕಿನ ದೃಷ್ಟಿಯಿಂದ ಅದು ಒಳ್ಳೆಯದೇ, ಆದರೆ ಮಡಿಕೆ ಬಿದ್ದು ಪಾರ್ಶ್ವವಾಯು ರೋಗಿ ಎಡವಿದರೆ ಸಂಶೋಧನೆ ಅಲ್ಲಿಗೇ ಮುಗಿಯಿತು.

ಬಿಸಿಲು ಎರಡನೆಯದು. ಪಶ್ಚಿಮದ ಕಿಟಕಿ ಇದ್ದರೆ ಬೆಳಿಗ್ಗೆ ಬಂದ ಸಂಖ್ಯೆಗೂ ನಾಲ್ಕು ಗಂಟೆಯ ಸಂಖ್ಯೆಗೂ ಹೊಂದುವುದಿಲ್ಲ. ದಪ್ಪ ಪರದೆ ಹಾಕಿ. ಎಲ್‌ಇಡಿ ಬಲ್ಬಿನಿಂದ ಏನೂ ತೊಂದರೆಯಿಲ್ಲ. ಹ್ಯಾಲೊಜನ್ ಪರೀಕ್ಷಾ ದೀಪ ಮತ್ತು ಫಿಸಿಯೋಥೆರಪಿಯ ಇನ್‌ಫ್ರಾರೆಡ್ ಶಾಖದ ದೀಪ ಮಾತ್ರ ಆರಿರಬೇಕು.

ಬಟ್ಟೆಯ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಕಪ್ಪಾಗಿ ಕಾಣುವ ಕೆಲವು ಬಟ್ಟೆಗಳು ಇನ್‌ಫ್ರಾರೆಡ್‌ನಲ್ಲಿ ಬೆಳ್ಳಗಿರುತ್ತವೆ, ಕೆಲವು ಪೂರ್ತಿ ಮಾಯವಾಗುತ್ತವೆ. ಕ್ಯಾಮೆರಾದ ಇನ್‌ಫ್ರಾರೆಡ್ ಚಿತ್ರ ತೆರೆದು ನೋಡಿಯೇ ತೀರ್ಮಾನಿಸಿ. ಸೀರೆ, ಲಂಗ, ಇಳಿಬಿಟ್ಟ ಪಂಚೆ ಉಟ್ಟವರಲ್ಲಿ ಮಂಡಿ ಎಲ್ಲಿದೆ ಎಂಬುದು ಬರೀ ಊಹೆ. ಸಾಫ್ಟ್‌ವೇರ್ ಆಗಲೂ ಗಂಭೀರವಾಗಿ ಒಂದು ಬಿಂದು ಕೊಡುತ್ತದೆ. ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿದರೆ ಸಾಕು. ಹೆಂಗಸರಿಗೆ ಮೈಗೆ ಹೊಂದುವ ಪ್ಯಾಂಟ್ ತರಲು ಹಿಂದಿನ ದಿನವೇ ಹೇಳಿರಿ. ವಯಸ್ಸಾದವರು ಸೀರೆ ಬಿಡಲು ಒಪ್ಪದಿದ್ದರೆ ಒತ್ತಾಯ ಬೇಡ. ಅವರಿಂದ ನಡಿಗೆಯ ವೇಗ ಮತ್ತು ಮುಂಡದ ಅಳತೆ ಮಾತ್ರ ತೆಗೆದುಕೊಂಡು, ಮಂಡಿಯ ಕಾಲಂ ಖಾಲಿ ಬಿಡಿ.

ಮೊದಲ ಪರೀಕ್ಷೆ: ಹಲಗೆ

ಕ್ಯಾಮೆರಾ ಚಾಲೂ ಮಾಡಿ ಒಂದು ಗಂಟೆ ಬಿಡಿ. ಟೈಮ್ ಆಫ್ ಫ್ಲೈಟ್ ಸೆನ್ಸರ್ ಬಿಸಿಯಾಗುತ್ತಿರುವಾಗ ಕೊಡುವ ದೂರ ಕೆಲವು ಮಿ.ಮೀ. ಜರುಗುತ್ತಲೇ ಇರುತ್ತದೆ. ನಿಮ್ಮ ಕ್ಯಾಮೆರಾಕ್ಕೆ ಎಷ್ಟು ಹೊತ್ತು ಬೇಕೆಂದು ತಿಳಿಯಲು ಹಲಗೆಯನ್ನು ಕದಲಿಸದೆ ಐದು ನಿಮಿಷಕ್ಕೊಮ್ಮೆ ಅಳೆದು ಗ್ರಾಫ್ ಬರೆಯಿರಿ. ರೇಖೆ ಮಟ್ಟಸವಾದ ಹೊತ್ತೇ ನಿಮ್ಮ ಕಾಯುವ ಸಮಯ.

60×60 ಸೆಂ.ಮೀ. ಪ್ಲೈವುಡ್ ಹಲಗೆಗೆ ಬಿಳಿ ಡಿಸ್ಟೆಂಪರ್ ಹೊಡೆಯಿರಿ. ಎನಾಮಲ್ ಹೊಳೆಯುತ್ತದೆ, ಬೇಡ. ಕ್ಯಾಮೆರಾಕ್ಕೆ ನೇರ ಎದುರಾಗಿ 1, 1.5, 2, 2.5, 3, 3.5 ಮೀಟರಿನಲ್ಲಿ ನಿಲ್ಲಿಸಿ, ಪ್ರತಿ ದೂರದಲ್ಲಿ 300 ಫ್ರೇಮ್ ರೆಕಾರ್ಡ್ ಮಾಡಿ. ನಿಜವಾದ ದೂರಕ್ಕೆ ಕಟ್ಟಡದವರು ಬಳಸುವ ಲೇಸರ್ ಮೀಟರ್ ಸಾಕು. ಅದರ ದೋಷ 2 ಮಿ.ಮೀ. ಒಳಗಿರುತ್ತದೆ. ಒಂದು ಎಚ್ಚರಿಕೆ: ಕ್ಯಾಮೆರಾ ತನ್ನ ದೂರ ಎಣಿಸುವುದು ಮುಂದಿನ ಗಾಜಿನಿಂದಲ್ಲ, ಒಳಗಿನ ಒಂದು ಬಿಂದುವಿನಿಂದ. ಆದ್ದರಿಂದ ಒಟ್ಟು ದೂರಗಳನ್ನು ಹೋಲಿಸಬೇಡಿ. ಹಲಗೆಯನ್ನು 2ರಿಂದ 2.5 ಮೀಟರಿಗೆ ಸರಿಸಿದಾಗ ಲೇಸರ್ 500 ಮಿ.ಮೀ. ತೋರಿಸಿದರೆ ಕ್ಯಾಮೆರಾ ಎಷ್ಟು ತೋರಿಸಿತು ಎಂದು ನೋಡಿ.

ಹಲಗೆಯ ನಡುಭಾಗದ ಪಿಕ್ಸೆಲ್‌ಗಳನ್ನು ಮಾತ್ರ ತೆಗೆದುಕೊಂಡು (3.5 ಮೀಟರಿನಲ್ಲಿ ಹಲಗೆ ಚಿಕ್ಕದಾಗಿ ಕಾಣುತ್ತದೆ, ಅಂಚು ಸೇರದಂತೆ ನೋಡಿ) ಮೂರು ಸಂಖ್ಯೆ ಬರೆದಿಡಿ. ಸರಿಸಿದ ದೂರದಲ್ಲಿನ ತಪ್ಪು ಒಂದು. 300 ಫ್ರೇಮುಗಳಲ್ಲಿ ಒಂದೊಂದು ಪಿಕ್ಸೆಲ್ ಎಷ್ಟು ಅಲುಗಿತು ಎಂಬ ಪ್ರಮಾಣಿತ ವಿಚಲನೆ ಇನ್ನೊಂದು. ಫ್ರೇಮುಗಳ ಸರಾಸರಿ ತೆಗೆದ ಬಳಿಕ ಹಲಗೆಗೆ ಸಮತಲ ಹೊಂದಿಸಿ ಉಳಿಯುವ ಉಬ್ಬುತಗ್ಗು ಮೂರನೆಯದು. ಎರಡನೆಯದನ್ನು ಸರಾಸರಿಯಿಂದ ತಗ್ಗಿಸಬಹುದು. ಮೊದಲನೆಯದೂ ಮೂರನೆಯದೂ ಎಷ್ಟು ಫ್ರೇಮ್ ಸೇರಿಸಿದರೂ ಹಾಗೇ ಉಳಿಯುತ್ತವೆ. ಇದೇ ಹಲಗೆಯನ್ನು ಚಿತ್ರದ ನಾಲ್ಕು ಮೂಲೆಗೂ ಒಯ್ದು ಒಮ್ಮೆ ನೋಡಿ. ನಡುವಿಗಿಂತ ಅಂಚಿನಲ್ಲಿ ಕೆಟ್ಟದಾಗಿರುವುದು ಸಾಮಾನ್ಯ.

ಎರಡನೆಯದು: ಲೋಲಕ

ಚಲಿಸುವ ವಸ್ತುವನ್ನು ಪರೀಕ್ಷಿಸಲು ವಿಕಾನ್, ಕ್ವಾಲಿಸಿಸ್‌ನಂಥ ಲಕ್ಷಾಂತರ ರೂಪಾಯಿಯ, ಮೈಗೆ ಅಂಟಿಸಿದ ಹೊಳೆಯುವ ಮಾರ್ಕರ್‌ಗಳಿಂದ ಚಲನೆ ಅಳೆಯುವ ವ್ಯವಸ್ಥೆಯೇ ಬೇಕೆಂದಿಲ್ಲ. ಸುಮಾರು 15 ಸೆಂ.ಮೀ. ವ್ಯಾಸದ ಭಾರದ ಚೆಂಡಿಗೆ ಡಿಸ್ಟೆಂಪರ್ ಬಳಿದು, ತೂಗುವ ಬಿಂದುವಿನಿಂದ ಚೆಂಡಿನ ಕೇಂದ್ರಕ್ಕೆ ಸರಿಯಾಗಿ 1 ಮೀಟರ್ ಬರುವಂತೆ ಹಿಗ್ಗದ ದಾರದಲ್ಲಿ ತೂಗುಹಾಕಿ. ನೈಲಾನ್ ಹಿಗ್ಗುತ್ತದೆ, ತೆಳು ಉಕ್ಕಿನ ತಂತಿ ಒಳ್ಳೆಯದು. ಸುಮಾರು 10 ಡಿಗ್ರಿ ಎಳೆದು ಬಿಟ್ಟರೆ ಒಂದು ಸುತ್ತಿನ ಸಮಯ ಬೆಂಗಳೂರಿನ ಗುರುತ್ವದಲ್ಲಿ (ಸೆಕೆಂಡಿಗೆ ಸೆಕೆಂಡಿಗೆ 9.78 ಮೀಟರ್) ಸುಮಾರು 2.01 ಸೆಕೆಂಡ್. ಹತ್ತು ಸುತ್ತಿನ ಒಟ್ಟು ಸಮಯ ಕ್ಯಾಮೆರಾದಲ್ಲಿ 20.1ರಿಂದ ದೂರ ಸರಿದಿದ್ದರೆ ತಪ್ಪು ನಿಮ್ಮ ಸಮಯದ ಎಣಿಕೆಯಲ್ಲಿದೆ. ಬಹಳ ಸಲ ಕಾರಣ ಒಂದೇ: ಫ್ರೇಮಿನ ಸಮಯಕ್ಕೆ ಕಂಪ್ಯೂಟರಿನ ಗಡಿಯಾರ ಬಳಸಿರುತ್ತೀರಿ, ಇಲ್ಲವೇ ಪ್ರತಿ ಫ್ರೇಮಿಗೂ 33.3 ಮಿಲಿಸೆಕೆಂಡ್ ಎಂದುಕೊಂಡಿರುತ್ತೀರಿ. ಕ್ಯಾಮೆರಾ ತಾನೇ ಕೊಡುವ ಟೈಮ್‌ಸ್ಟ್ಯಾಂಪ್ ಬಳಸಿ. ಎರಡು ಫ್ರೇಮಿನ ನಡುವೆ 50 ಮಿಲಿಸೆಕೆಂಡ್ ಮೀರಿದ್ದರೆ ಒಂದು ಫ್ರೇಮ್ ಬಿದ್ದುಹೋಗಿದೆ. ಫ್ರೇಮುಗಳು ಬೀಳುತ್ತಿದ್ದರೆ ಬಣ್ಣದ ವಿಡಿಯೊ ನಿಲ್ಲಿಸಿ, ಎಸ್‌ಎಸ್‌ಡಿಗೆ ಬರೆಯಿರಿ, ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟಿಗೆ ಸಿಕ್ಕಿಸಿ. ಕೈನೆಕ್ಟ್ ವಿ2 ಇನ್ನೂ ಬಳಸುವವರಿಗೆ ಇನ್ನೊಂದು ಬಲೆ ಇದೆ: ಕೋಣೆ ಮಬ್ಬಾದರೆ ಅದರ ಬಣ್ಣದ ಕ್ಯಾಮೆರಾ ತಾನಾಗಿಯೇ 15 ಫ್ರೇಮಿಗೆ ಇಳಿಯುತ್ತದೆ.

ಜಾಗದ ದೋಷಕ್ಕೆ ಪ್ರತಿ ಫ್ರೇಮಿನಲ್ಲೂ ಚೆಂಡಿನ ಬಿಂದುಗಳಿಗೆ ಗೋಳ ಹೊಂದಿಸಿ ಕೇಂದ್ರ ಹುಡುಕಿ. ಆ ಕೇಂದ್ರಗಳೆಲ್ಲ 1 ಮೀಟರ್ ತ್ರಿಜ್ಯದ ಕಮಾನಿನ ಮೇಲೆ ಬೀಳಬೇಕು. ಬೀಳದಷ್ಟೂ ದೋಷ. 10 ಡಿಗ್ರಿಯಲ್ಲಿ ಚೆಂಡಿನ ಗರಿಷ್ಠ ವೇಗ ಸೆಕೆಂಡಿಗೆ 0.55 ಮೀಟರ್, 30 ಡಿಗ್ರಿಯಲ್ಲಿ 1.6 ಮೀಟರ್. ಎರಡನ್ನೂ ಮಾಡಿ ನೋಡಿದರೆ ವೇಗಕ್ಕೆ ತಕ್ಕಂತೆ ದೋಷ ಹೇಗೆ ಏರುತ್ತದೆಂದು ಕಾಣುತ್ತದೆ (30 ಡಿಗ್ರಿಯಲ್ಲಿ ಸುತ್ತಿನ ಸಮಯ ಸ್ವಲ್ಪ ಹೆಚ್ಚುವುದರಿಂದ ಆ ರೆಕಾರ್ಡಿಂಗನ್ನು ಗಡಿಯಾರದ ಪರೀಕ್ಷೆಗೆ ಬಳಸಬೇಡಿ). ಮುಂದಕ್ಕೆ ಬೀಸುವ ಪಾದ ಸೆಕೆಂಡಿಗೆ 4 ಮೀಟರ್ ಸಮೀಪಿಸುತ್ತದೆ. ಅಜೂರ್‌ನ ಈ ಮೋಡಿನ 12.8 ಮಿಲಿಸೆಕೆಂಡ್ ಎಕ್ಸ್‌ಪೋಶರ್ ಅವಧಿಯಲ್ಲಿ ಅದು 5 ಸೆಂ.ಮೀ. ಹೋಗಿರುತ್ತದೆ.

ಮೂರನೆಯದು: ಮೂಳೆ ಹಿಗ್ಗುವುದಿಲ್ಲ

ಇದು ನಮ್ಮ ಅಚ್ಚುಮೆಚ್ಚಿನ ಪರೀಕ್ಷೆ, ಏಕೆಂದರೆ ಖರ್ಚೇ ಇಲ್ಲ. ಯಾರನ್ನಾದರೂ ನಡೆಸಿ, ಪ್ರತಿ ಫ್ರೇಮಿನಲ್ಲೂ ಸೊಂಟದ ಬಿಂದುವಿನಿಂದ ಮಂಡಿಯ ಬಿಂದುವಿಗೆ, ಮಂಡಿಯಿಂದ ಆಂಕಲ್‌ಗೆ ಇರುವ ದೂರ ಲೆಕ್ಕ ಹಾಕಿ. ತೊಡೆಮೂಳೆಯ ಉದ್ದ ನಡೆಯುವಾಗ ಬದಲಾಗುವುದಿಲ್ಲ. ಕ್ಯಾಮೆರಾ 38ರಿಂದ 44 ಸೆಂ.ಮೀ. ನಡುವೆ ಏರಿಳಿಸುತ್ತಿದ್ದರೆ ಆ ಫ್ರೇಮುಗಳ ಮಂಡಿ ಕೋನಕ್ಕೆ ಬೆಲೆ ಕೊಡಬೇಡಿ. ಏರಿಳಿತ ಹೆಜ್ಜೆಯ ಯಾವ ಹಂತದಲ್ಲಿ ಹೆಚ್ಚು ಎಂದು ನೋಡಿದರೆ ಕಾಲು ಮರೆಯಾಗುವ ಗಳಿಗೆ ಸಿಕ್ಕಿಬೀಳುತ್ತದೆ. ಉದ್ದ ಸ್ಥಿರವಾಗಿದ್ದ ಮಾತ್ರಕ್ಕೆ ಕೀಲು ಸರಿಯಾದ ಜಾಗದಲ್ಲಿದೆ ಎಂದೇನೂ ಅಲ್ಲ. ಈ ಪರೀಕ್ಷೆ ಕೆಟ್ಟದ್ದನ್ನು ಹಿಡಿಯುತ್ತದೆ, ಒಳ್ಳೆಯದಕ್ಕೆ ಸರ್ಟಿಫಿಕೇಟ್ ಕೊಡುವುದಿಲ್ಲ.

ಅಜೂರ್‌ನ ಬಾಡಿ ಟ್ರ್ಯಾಕಿಂಗ್ ಎಸ್‌ಡಿಕೆ (ಕೀಲುಗಳನ್ನು ಹುಡುಕುವ ಸಾಫ್ಟ್‌ವೇರ್) ಪ್ರತಿ ಕೀಲಿಗೂ ವಿಶ್ವಾಸದ ಮಟ್ಟ ಕೊಡುತ್ತದೆ. ‘ಲೋ’ ಎಂದರೆ ಕೀಲು ಕಂಡಿಲ್ಲ, ಊಹಿಸಿದ್ದು. ಕಂಡ ಕೀಲಿಗೆ ಸಿಗುವುದು ‘ಮೀಡಿಯಂ’. ‘ಹೈ’ಗಾಗಿ ಕಾಯುತ್ತ ಕೂರಬೇಡಿ. ಅದೇ ಎಸ್‌ಡಿಕೆಯಲ್ಲಿ ಚಲನೆ ನಯಗೊಳಿಸುವ ಒಂದು ಸೆಟ್ಟಿಂಗ್ ಇದೆ, ಹೇಳದಿದ್ದರೆ 0.5 ಇರುತ್ತದೆ. ಪರೀಕ್ಷೆಗೆ ಅದನ್ನು 0 ಮಾಡಿ. ನಯಗೊಳಿಸಿದ ರೇಖೆ ನೋಡಲು ಚಂದ, ಆದರೆ ಚಲನೆಯ ತುದಿ ಕತ್ತರಿಸುತ್ತದೆ, ತಡವಾಗಿಯೂ ಬರುತ್ತದೆ.

ರೆಫರೆನ್ಸ್ ಲ್ಯಾಬಿನಲ್ಲಿ ಒಟ್ಟಿಗೆ ರೆಕಾರ್ಡ್ ಮಾಡುವಾಗ

ಹೋಲಿಕೆಗೆ ರೆಫರೆನ್ಸ್ ಆಗಿ ಮಾರ್ಕರ್ ಇರುವ ವ್ಯವಸ್ಥೆ ಸಿಕ್ಕರೆ ಎರಡನ್ನೂ ಏಕಕಾಲಕ್ಕೆ ಓಡಿಸಬೇಕು, ಬೇರೆ ಬೇರೆ ನಡಿಗೆಗಳನ್ನು ಹೋಲಿಸುವಂತಿಲ್ಲ. ಅಲ್ಲಿ ಎದುರಾಗುವ ಮೊದಲ ಜಗಳ ಬೆಳಕಿನದು. ಹಲವು ಮಾರ್ಕರ್ ಕ್ಯಾಮೆರಾಗಳು ಮಿಣುಕಿಸುವುದೂ ಡೆಪ್ತ್ ಕ್ಯಾಮೆರಾ ಬಳಸುವುದೂ 850 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನೇ. ಡೆಪ್ತ್ ಚಿತ್ರದಲ್ಲಿ ಪಟ್ಟೆಗಳು, ತೂತುಗಳು ಬಂದರೆ ಎದುರುಬದುರಾಗಿರುವ ಕ್ಯಾಮೆರಾದ ಸ್ಟ್ರೋಬ್ ತಗ್ಗಿಸಿ ಅಥವಾ ಅದನ್ನು ಆರಿಸಿ. 14 ಮಿ.ಮೀ.ನ ಹೊಳೆಯುವ ಮಾರ್ಕರ್ ಡೆಪ್ತ್ ಕ್ಯಾಮೆರಾವನ್ನು ಕುರುಡಾಗಿಸಿ ಸುತ್ತ ಒಂದು ಕಪ್ಪು ತೂತು ಮಾಡುತ್ತದೆ. ಆದ್ದರಿಂದ ಪ್ರತಿ ವ್ಯಕ್ತಿಯನ್ನೂ ಮಾರ್ಕರ್ ಇಲ್ಲದೆ ಒಂದೆರಡು ಸಲ ನಡೆಸಿ, ಮಾರ್ಕರ್ ಹಚ್ಚಿದ ಮೇಲೆ ಮೂಳೆಯ ಉದ್ದದ ಏರಿಳಿತ ಹೆಚ್ಚಾಯಿತೇ ಎಂದು ನೋಡಿ. ಹೆಚ್ಚಾಗಿದ್ದರೆ ನೀವು ಅಳೆಯುತ್ತಿರುವುದು ಮಾರ್ಕರ್ ಮಾಡಿದ ಕೆಡುಕನ್ನು.

ಎರಡು ಅಜೂರ್ ಇಟ್ಟರೆ ಸಿಂಕ್ ಕೇಬಲ್ ಹಾಕಿ, ಒಂದರ ಡೆಪ್ತ್ ಸೆರೆಯನ್ನು ಇನ್ನೊಂದಕ್ಕಿಂತ 160 ಮೈಕ್ರೊಸೆಕೆಂಡ್ ತಡವಾಗಿಸಿ. ಹಾಗೆ ಮಾಡದಿದ್ದರೆ ಒಂದರ ಲೇಸರ್ ಇನ್ನೊಂದರ ಕಣ್ಣಿಗೆ ಬೀಳುತ್ತದೆ.

ಎರಡು ವ್ಯವಸ್ಥೆಗಳ ಅಕ್ಷಗಳನ್ನು ಹೊಂದಿಸುವ ಕೆಲಸವನ್ನು ಸಾಧ್ಯವಾದರೆ ತಪ್ಪಿಸಿ. ಕೋನ, ಹೆಜ್ಜೆಯ ಉದ್ದ, ವೇಗ ಇವಕ್ಕೆ ಅಕ್ಷ ಹೊಂದಿಸಬೇಕಾಗಿಲ್ಲ. ಆಯಾ ವ್ಯವಸ್ಥೆಯೊಳಗೇ ಲೆಕ್ಕ ಹಾಕಿ ಉತ್ತರಗಳನ್ನು ಹೋಲಿಸಿದರಾಯಿತು. ಕೀಲಿನ ಜಾಗವನ್ನೇ ಮಿ.ಮೀ.ನಲ್ಲಿ ಹೋಲಿಸಲೇಬೇಕಿದ್ದರೆ, ಒಂದೇ ಸಮತಲದಲ್ಲಿಲ್ಲದ, ನಡೆಯುವ ಜಾಗದ ತುಂಬ ಹರಡಿದ ಕನಿಷ್ಠ ಎಂಟು ಹತ್ತು ಬಿಂದುಗಳಿಂದ ಹೊಂದಿಸಿ, ಉಳಿದ ದೋಷವನ್ನು ವರದಿಯಲ್ಲಿ ಬರೆಯಿರಿ. ಎಷ್ಟು ಚೆನ್ನಾಗಿ ಹೊಂದಿಸಿದರೂ ಒಂದು ಅಂತರ ಉಳಿಯುತ್ತದೆ: ಡೆಪ್ತ್ ಸಾಫ್ಟ್‌ವೇರಿನ ‘ಸೊಂಟ’ವೂ ಮಾರ್ಕರ್ ಮಾದರಿಯ ಸೊಂಟದ ಕೀಲಿನ ಕೇಂದ್ರವೂ ದೇಹದಲ್ಲಿ ಒಂದೇ ಜಾಗವಲ್ಲ. ಪ್ರತಿ ವ್ಯಕ್ತಿಯೂ ನೆಟ್ಟಗೆ 5 ಸೆಕೆಂಡ್ ನಿಂತ ರೆಕಾರ್ಡಿಂಗಿನಿಂದ ಈ ಸ್ಥಿರ ಅಂತರ ತಿಳಿದು, ಕಳೆಯುವ ಮುಂಚಿನ ಮತ್ತು ಕಳೆದ ನಂತರದ ದೋಷ ಎರಡನ್ನೂ ಕೊಡಿ. ಎರಡನೆಯದನ್ನು ಮಾತ್ರ ಕೊಡುವುದು ಜಾಣತನ, ಪ್ರಾಮಾಣಿಕತೆಯಲ್ಲ.

ಸಮಯ ಹೊಂದಿಸಲು ನಡೆಯುವ ಮುನ್ನ ರೋಗಿ ಒಂದು ಕೈಯನ್ನು ಬೇಗ ಮೇಲೆತ್ತಿ ಇಳಿಸಲಿ. ಎರಡೂ ರೆಕಾರ್ಡಿಂಗಿನ ಮಣಿಕಟ್ಟಿನ ಎತ್ತರವನ್ನು ಕ್ರಾಸ್ ಕೋರಿಲೇಶನ್‌ನಿಂದ (ಒಂದು ರೇಖೆಯನ್ನು ಸರಿಸುತ್ತ ಇನ್ನೊಂದಕ್ಕೆ ಅತಿ ಚೆನ್ನಾಗಿ ಕೂಡುವ ಜಾಗ ಹುಡುಕುವ ಲೆಕ್ಕ) ಹೊಂದಿಸಿ. ಅದಕ್ಕೂ ಮೊದಲು ಡೆಪ್ತ್ ದತ್ತಾಂಶವನ್ನು ಟೈಮ್‌ಸ್ಟ್ಯಾಂಪ್ ಆಧಾರದ ಮೇಲೆ 100 ಹರ್ಟ್ಸ್‌ನ ಸಮ ಅಂತರಕ್ಕೆ ತನ್ನಿ. ಇಂಟರ್‌ಪೊಲೇಶನ್ (ನಡುವಿನ ಬಿಂದುಗಳನ್ನು ಲೆಕ್ಕದಿಂದ ತುಂಬುವುದು) ಮಾಡಿದ ಮಾತ್ರಕ್ಕೆ ಹೊಸ ಮಾಹಿತಿ ಬರುವುದಿಲ್ಲ ಎಂಬುದು ನೆನಪಿರಲಿ. ನಡಿಗೆಗೆ ಸಾಮಾನ್ಯವಾದ 6 ಹರ್ಟ್ಸ್ ಬಟರ್‌ವರ್ತ್ ಲೋಪಾಸ್ ಫಿಲ್ಟರನ್ನು ಮುಂದಕ್ಕೂ ಹಿಂದಕ್ಕೂ ಓಡಿಸುವಾಗ ಎರಡನೇ ಆರ್ಡರ್ ಫಿಲ್ಟರಿನ ಕಟ್‌ಆಫನ್ನು 0.802ರಿಂದ ಭಾಗಿಸಿ, ಅಂದರೆ 7.5 ಹರ್ಟ್ಸ್ ಕೊಡಿ. ಎರಡು ಸಲ ಓಡಿದ ಮೇಲೆ 6 ಆಗುತ್ತದೆ. ಎರಡೂ ವ್ಯವಸ್ಥೆಗೆ ಒಂದೇ ಫಿಲ್ಟರ್ ಇರಲಿ. ಹಿಮ್ಮಡಿ ನೆಲ ಮುಟ್ಟಿದ ಗಳಿಗೆಗೆ ಪಾದದ ಎತ್ತರ ನೋಡಬೇಡಿ, ಅದು ಗದ್ದಲದಲ್ಲಿ (ಅಳತೆಯ ಅಡ್ಡಾದಿಡ್ಡಿ ಏರಿಳಿತದಲ್ಲಿ) ಮುಳುಗಿರುತ್ತದೆ. ಆಂಕಲ್ ಸೊಂಟಕ್ಕಿಂತ ಅತಿ ಹೆಚ್ಚು ಮುಂದಿರುವ ಗಳಿಗೆಯನ್ನು ಹಿಡಿಯಿರಿ.

ಸಂಖ್ಯೆಗಳನ್ನು ಹೇಗೆ ಹೇಳಬೇಕು

ಕೋರಿಲೇಶನ್ (ಎರಡು ಅಳತೆಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದು ಹೇಳುವ ಸಂಖ್ಯೆ, ಗರಿಷ್ಠ 1) 0.95 ಬಂತೆಂದು ಸಂಭ್ರಮಿಸುವ ವರದಿಗಳು ತುಂಬಿವೆ. ರೆಫರೆನ್ಸ್ 50, 55, 60, 65, 70 ಡಿಗ್ರಿ ಹೇಳಿ, ಕ್ಯಾಮೆರಾ 40, 45, 50, 55, 60 ಹೇಳಿದರೆ ಕೋರಿಲೇಶನ್ ಸರಿಯಾಗಿ 1. ಪ್ರತಿ ಅಳತೆಯೂ 10 ಡಿಗ್ರಿ ತಪ್ಪು. 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ತೋರಿಸಿದ ದಾರಿಯೇ ಇಂದಿಗೂ ಸರಿ: ಎರಡರ ವ್ಯತ್ಯಾಸದ ಸರಾಸರಿ, ಮತ್ತು ಅದರ ಎರಡು ಬದಿಗೆ 1.96 ಪ್ರಮಾಣಿತ ವಿಚಲನೆಯಷ್ಟು ದೂರದ ಮಿತಿಗಳು. ಈ ಮಿತಿಗಳು ಎಷ್ಟು ಗಟ್ಟಿ ಎಂಬುದು ಜನರ ಸಂಖ್ಯೆಯ ಮೇಲೆ ನಿಂತಿದೆ. 30 ಜನರಿದ್ದರೆ ಒಂದೊಂದು ಮಿತಿಯೂ ವಿಚಲನೆಯ 0.62 ಪಟ್ಟು ಆಚೀಚೆ ಆಗಬಹುದು, 100 ಜನರಿದ್ದರೆ 0.34 ಪಟ್ಟು. ಹತ್ತು ಜನರ ತಲಾ ಇಪ್ಪತ್ತು ಹೆಜ್ಜೆ ಸೇರಿಸಿ ‘200 ಮಾದರಿ’ ಎನ್ನುವುದು ಲೆಕ್ಕವಲ್ಲ. ಒಬ್ಬರದೇ ಹೆಜ್ಜೆಗಳು ಒಂದನ್ನೊಂದು ಹೋಲುತ್ತವೆ, ಅದಕ್ಕೆ ಪುನರಾವರ್ತಿತ ಅಳತೆಗಳ ವಿಧಾನವನ್ನೇ ಬಳಸಬೇಕು.

ಚಿಕಿತ್ಸೆಯಿಂದ ಸುಧಾರಣೆ ಆಯಿತೇ ಎಂದು ಹೇಳಲು ಬೇಕಾದ್ದು ಇನ್ನೊಂದು ಸಂಖ್ಯೆ. ಅದೇ ವ್ಯಕ್ತಿಗಳನ್ನು ಒಂದು ವಾರದ ಅಂತರದಲ್ಲಿ ಎರಡು ಸಲ ಅಳೆದು, ಅಳತೆಯ ಪ್ರಮಾಣಿತ ದೋಷ ತಿಳಿದು, 2.77ರಿಂದ ಗುಣಿಸಿ. ದೋಷ 3 ಡಿಗ್ರಿ ಇದ್ದರೆ ಉತ್ತರ 8.3 ಡಿಗ್ರಿ. ಅಂಥ ಕ್ಯಾಮೆರಾದಲ್ಲಿ ಒಬ್ಬ ರೋಗಿಯ ಮಂಡಿ 5 ಡಿಗ್ರಿ ಹೆಚ್ಚು ಮಡಚಿತೆಂದು ಬಂದರೆ, ಅದು ಸುಧಾರಣೆಯೋ ಗದ್ದಲವೋ ಹೇಳಲಾಗದು. ಮಿತಿ ಎಷ್ಟಿರಬೇಕೆಂಬುದಕ್ಕೆ 2009ರ ಮೆಕ್‌ಗಿನ್ಲಿ ಮತ್ತು ಸಂಗಡಿಗರ ವಿಮರ್ಶೆಯನ್ನು ಇಂದಿಗೂ ಆಧಾರವಾಗಿ ಹಿಡಿಯುತ್ತಾರೆ: 2 ಡಿಗ್ರಿ ಒಳಗಿನ ದೋಷ ಒಪ್ಪತಕ್ಕದ್ದು, 2ರಿಂದ 5 ಡಿಗ್ರಿ ಎಚ್ಚರದಿಂದ ಬಳಸತಕ್ಕದ್ದು, 5 ಮೀರಿದರೆ ವೈದ್ಯರ ತೀರ್ಮಾನವನ್ನೇ ದಾರಿ ತಪ್ಪಿಸಬಹುದು. ಆರೋಗ್ಯವಂತ ವಿದ್ಯಾರ್ಥಿಗಳ ಮೇಲೆ ಮಾತ್ರ ಪರೀಕ್ಷಿಸಿ ಈ ಮಿತಿ ದಾಟಿದೆವು ಎನ್ನಬೇಡಿ. ವಾಕರ್ ಹಿಡಿದವರಲ್ಲಿ ವಾಕರಿನ ಕಾಲನ್ನೇ ಸಾಫ್ಟ್‌ವೇರ್ ಮನುಷ್ಯನ ಕಾಲೆಂದು ಹಿಡಿಯುವುದುಂಟು. ಪಕ್ಕದಲ್ಲಿ ಆಸರೆಯಾಗಿ ನಡೆಯುವ ಫಿಸಿಯೋಥೆರಪಿಸ್ಟ್ ಸಾಫ್ಟ್‌ವೇರ್ ಕೀಲುಗಳಿಂದ ಕಟ್ಟುವ ಎರಡನೆಯ ಅಸ್ಥಿಪಂಜರವಾಗಿ ಬಂದು ರೋಗಿಯ ಐಡಿ ಬದಲಾಗುತ್ತದೆ.

ಉಸಿರಾಟಕ್ಕೆ ಬಳಸುವವರಿಗೆ

ಮಲಗಿದವರ ಎದೆಯ ಏರಿಳಿತ ಅಳೆಯುವಾಗ ಲೆಕ್ಕವೇ ಬೇರೆ. ಅಸ್ಥಿಪಂಜರ ಬೇಡ, ಎದೆಯ ಮೇಲಿನ 40×40 ಪಿಕ್ಸೆಲ್ ಚೌಕದ ಸರಾಸರಿ ದೂರ ಸಾಕು. ಪಿಕ್ಸೆಲ್‌ಗಳ ಗದ್ದಲ ಪರಸ್ಪರ ಸಂಬಂಧವಿಲ್ಲದ್ದಾದರೆ 1600ರ ಸರಾಸರಿ ಅದನ್ನು 40 ಪಟ್ಟು ತಗ್ಗಿಸುತ್ತದೆ. ನಿಜದಲ್ಲಿ ಅಷ್ಟಾಗದಿದ್ದರೂ ಕೆಲವೇ ಮಿ.ಮೀ.ನ ಏರಿಳಿತ ಕಾಣುವಷ್ಟಾಗುತ್ತದೆ. ಕ್ಯಾಮೆರಾ ಎದೆಗೆ ನೇರ ಮೇಲಿರಲಿ, ದೂರ 1 ಮೀಟರ್ ಇರಲಿ, ಹೊದಿಕೆ ಬೇಡ. ನಿಮಿಷಕ್ಕೆ ಎಷ್ಟು ಉಸಿರು ಎಂಬುದು ಚೆನ್ನಾಗಿ ಸಿಗುತ್ತದೆ. ಎಷ್ಟು ಮಿಲಿಲೀಟರ್ ಗಾಳಿ ಎಂಬುದನ್ನು ಸ್ಪೈರೋಮೀಟರ್ ಜೊತೆ ಅದೇ ವ್ಯಕ್ತಿಯಲ್ಲಿ ಹೊಂದಿಸದೆ ಹೇಳಲಾಗದು. ಫ್ಯಾನಿನ ಗಾಳಿಗೆ ಬಟ್ಟೆ ಅಲುಗಿದರೆ ಅದೂ ಉಸಿರೆಂದೇ ಎಣಿಕೆಯಾಗುತ್ತದೆ, ಫ್ಯಾನ್ ಆರಿಸಿ.

ದಾಖಲೆ

ಅಸ್ಥಿಪಂಜರದ ಬಿಂದುಗಳನ್ನು ಮಾತ್ರ ಉಳಿಸದೆ ಮೂಲ ಡೆಪ್ತ್ ಮತ್ತು ಇನ್‌ಫ್ರಾರೆಡ್ ರೆಕಾರ್ಡಿಂಗನ್ನೇ ಇಟ್ಟುಕೊಳ್ಳಿ; ಮುಂದೆ ಹೊಸ ಟ್ರ್ಯಾಕರ್ ಬಂದಾಗ ರೋಗಿಯನ್ನು ಮತ್ತೆ ಕರೆಸಬೇಕಾಗಿಲ್ಲ. ಬಣ್ಣದ ವಿಡಿಯೊ ತೆಗೆಯದಿದ್ದರೆ ಎಥಿಕ್ಸ್ ಸಮಿತಿಗೂ ರೋಗಿಗೂ ಒಪ್ಪಿಸುವುದು ಸುಲಭ, ಆದರೂ ಇನ್‌ಫ್ರಾರೆಡ್ ಚಿತ್ರದಲ್ಲಿ ಮುಖ ಗುರುತು ಸಿಗುತ್ತದೆ ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಬರೆಯಲೇಬೇಕು. ಪ್ರತಿ ಫೈಲಿನ ಜೊತೆ ಕ್ಯಾಮೆರಾದ ಸೀರಿಯಲ್ ನಂಬರ್, ಫರ್ಮ್‌ವೇರ್, ಎಸ್‌ಡಿಕೆ ಆವೃತ್ತಿ, ಡೆಪ್ತ್ ಮೋಡ್, ಟ್ರ್ಯಾಕಿಂಗ್ ಯಾವ ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿತು, ನಯಗೊಳಿಸುವ ಸೆಟ್ಟಿಂಗ್ ಎಷ್ಟು ಎಂದು ಬರೆದಿಡಿ. ಇವುಗಳಲ್ಲಿ ಒಂದು ಬದಲಾದರೂ ಹಲಗೆಯನ್ನೂ ಮೂಳೆಯ ಪರೀಕ್ಷೆಯನ್ನೂ ಮತ್ತೆ ಮಾಡಿ. ಅಧ್ಯಯನದ ನಡುವೆ ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್ ತಾನಾಗಿ ಡ್ರೈವರ್ ಬದಲಿಸದಂತೆ ಆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತಿಡುವುದು ಅತಿ ಅಗ್ಗದ ಉಪಾಯ.